ಬಲಿಪಾಡ್ಯಮಿ ರಾತ್ರಿ 15 ಜನರ ಊಟ: ಏನು, ಎಷ್ಟು, ಯಾವಾಗ?

ಪ್ರಶ್ನೆ: ದೀಪಾವಳಿಯ ಬಲಿಪಾಡ್ಯಮಿ ರಾತ್ರಿ ನಮ್ಮ ಮನೆಗೆ ಊಟಕ್ಕೆ 15 ಜನ ಬರುತ್ತಾರೆ. ಅಡುಗೆಗೆ ಇಬ್ಬರೇ, ಇರುವುದು ಮೂರು ಬರ್ನರಿನ ಒಲೆ. ಒಬ್ಬಟ್ಟು ಆಗಲೇಬೇಕು ಎಂದು ಮನೆಯ ಹಿರಿಯರ ಹಟ. ಜೊತೆಗೆ ಏನೇನು ಮಾಡಿದರೆ ಸಾಕು? ಯಾವುದನ್ನು ಹಿಂದಿನ ದಿನವೇ ಮುಗಿಸಿಕೊಳ್ಳಬಹುದು?

ಉತ್ತರ: ಎಷ್ಟು ಬಗೆ ಎಂದು ಎಣಿಸುವ ಮೊದಲು, ಬಡಿಸುವುದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಒಲೆಯ ಮೇಲೆ ಏನೇನು ಇರಬೇಕಾಗುತ್ತದೆ ಎಂದು ನೋಡಿಕೊಳ್ಳಿ. ಆ ದಿನ ಸಂಜೆ ಬಲೀಂದ್ರನ ಪೂಜೆ, ಬಾಗಿಲಿಗೆ ದೀಪ ಎಂದು 6ರಿಂದ 7ರವರೆಗೆ ಅಡುಗೆಮನೆಯಲ್ಲಿ ಯಾರೂ ನಿಲ್ಲುವುದಿಲ್ಲ. 8ಕ್ಕೆ ಎಲೆ ಹಾಕಬೇಕೆಂದರೆ ಕೈಗೆ ಸಿಗುವುದು ಒಂದೇ ಗಂಟೆ. ಅನ್ನ, ಸಾರು, ಮಜ್ಜಿಗೆಹುಳಿಗೇ ಮೂರು ಬರ್ನರೂ ಹಿಡಿಯುತ್ತವೆ. ಬೋಂಡ, ಆಂಬೊಡೆ, ಪೂರಿಯಂಥ ಬಿಸಿಬಿಸಿ ಕರಿಯುವ ಬಾಬತ್ತಿಗೆ ಇಲ್ಲಿ ಜಾಗವಿಲ್ಲ, ಮುಲಾಜಿಲ್ಲದೆ ಬಿಟ್ಟುಬಿಡಿ.

ಹಾಗೆ ನೋಡಿದರೆ ಪಟ್ಟಿ ಇಷ್ಟು: ಒಬ್ಬಟ್ಟು, ಒಬ್ಬಟ್ಟಿನ ಸಾರು, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ನಿಂಬೆಹಣ್ಣಿನ ಚಿತ್ರಾನ್ನ, ಬೂದುಗುಂಬಳದ ಮಜ್ಜಿಗೆಹುಳಿ, ಅನ್ನ, ಹಪ್ಪಳ, ಉಪ್ಪಿನಕಾಯಿ, ಮೊಸರು. ಪಾಯಸ ಬೇಡ. ಎರಡು ಸಿಹಿ ಇದ್ದರೆ ಎರಡೂ ಉಳಿಯುತ್ತವೆ. ಎಲೆಗೆ ಮೊದಲು ಪಾಯಸವೇ ಬೀಳಬೇಕು ಎನ್ನುವ ಮನೆಯಾದರೆ ಒಬ್ಬೊಬ್ಬರಿಗೆ ಎರಡು ಚಮಚದ ಲೆಕ್ಕದಲ್ಲಿ ಮಾಡಿ. ಅವರೆಕಾಯಿಯ ಆಸೆಯೂ ಬೇಡ, ಸೊಗಡಿನ ಕಾಯಿ ಬರಲು ಇನ್ನೂ ಚಳಿ ಬಲಿಯಬೇಕು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಪಟ್ಟಿಯಾದ್ದರಿಂದ ಹಬ್ಬದ ದಿನ ಅದನ್ನು ಮುಟ್ಟದವರಿಗೂ ತೊಂದರೆಯಿಲ್ಲ.

ಹೆಚ್ಚು ಗಮನ ಬೇಡುವುದು ಒಬ್ಬಟ್ಟು. ತಲೆಗೆ ಎರಡರಂತೆ 30, ಮನೆಗೆ ಮತ್ತು ಕೊಟ್ಟು ಕಳಿಸಲು 10, ಒಟ್ಟು 40 ಎಂದಿಟ್ಟುಕೊಳ್ಳಿ. ಅದಕ್ಕೆ ಕಡಲೆಬೇಳೆ 750 ಗ್ರಾಂ, ಬೆಲ್ಲ 700 ಗ್ರಾಂ, ಏಲಕ್ಕಿ 10-12. ಕಣಕಕ್ಕೆ (ಹೂರಣವನ್ನು ಮುಚ್ಚುವ ಹೊರಗಿನ ಹಿಟ್ಟು) ಮೈದಾ 400 ಗ್ರಾಂ, ಚಿರೋಟಿ ರವೆ 200 ಗ್ರಾಂ, ಚಿಟಿಕೆ ಅರಿಸಿನ, ಎಣ್ಣೆ 100 ಮಿ.ಲೀ. ಬೇಯಿಸಲು, ಬಡಿಸಲು ಸೇರಿ ತುಪ್ಪ 400 ಗ್ರಾಂ ಇರಲಿ.

ಬೇಳೆಯನ್ನು ಕುಕ್ಕರಿಗೆ ಹಾಕದೆ ತೆರೆದ ಪಾತ್ರೆಯಲ್ಲಿ 3 ಲೀಟರ್ ನೀರಿಗೆ ಒಂದು ಚಮಚ ಎಣ್ಣೆ ಹಾಕಿ ಬೇಯಿಸಿ. ಎರಡು ಬೆರಳಲ್ಲಿ ಹಿಸುಕಿದರೆ ಹಿಟ್ಟಾಗಬೇಕು, ಪಾತ್ರೆಯಲ್ಲಿ ಮಾತ್ರ ಬೇಳೆ ಬೇಳೆಯಾಗಿಯೇ ಕಾಣಬೇಕು. ಕುಕ್ಕರಿನಲ್ಲಿ ಈ ಹದ ಒಂದೇ ಕೂಗಿನಲ್ಲಿ ತಪ್ಪಿಹೋಗುತ್ತದೆ. ಕರಗಿಹೋದ ಬೇಳೆಯಿಂದ ಕಟ್ಟು (ಬೇಳೆ ಬೆಂದ ನೀರು) ಬಸಿಯಲು ಬರುವುದಿಲ್ಲ, ಹೂರಣವೂ ನೀರಾಗುತ್ತದೆ. ಬೇಯದೆ ಉಳಿದರೆ ಇನ್ನೂ ಕಷ್ಟ: ಬೆಲ್ಲ ಬಿದ್ದ ಮೇಲೆ ಬೇಳೆ ಮೆತ್ತಗಾಗುವುದಿಲ್ಲ, ಆ ತರಿ ತಟ್ಟುವಾಗ ಕಣಕವನ್ನು ಹರಿಯುತ್ತದೆ.

ಕಟ್ಟನ್ನು ಪೂರ್ತಿ ಬಸಿದು (ಒಂದೂವರೆ ಲೀಟರ್ ಆಸುಪಾಸು ಸಿಗುತ್ತದೆ) ಎತ್ತಿಡಿ. ಬೇಳೆಗೆ ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಕೆದಕುತ್ತಿರಿ. ಬೆಲ್ಲದಲ್ಲಿ ಮರಳಿದ್ದರೆ ಅರ್ಧ ಲೋಟ ನೀರಲ್ಲಿ ಕರಗಿಸಿ ಸೋಸಿಕೊಳ್ಳಿ, ಆಗ ಕೆದಕುವ ಹೊತ್ತು ಸ್ವಲ್ಪ ಹೆಚ್ಚುತ್ತದೆ. ಸೌಟು ನಟ್ಟಗೆ ನಿಂತಾಗ ಇಳಿಸಿ, ಉಗುರುಬೆಚ್ಚಗಿರುವಾಗಲೇ ಏಲಕ್ಕಿ ಹಾಕಿ ರುಬ್ಬಿ. ಪೂರ್ತಿ ಆರಿದರೆ ಮಿಕ್ಸಿ ತಿರುಗದೆ ನಿಲ್ಲುತ್ತದೆ, ಆಗ ನೀರು ಹಾಕಿದಿರೋ ಹೂರಣ ಕೆಟ್ಟಿತು. ಉಂಡೆ ಅಂಗೈಗೆ ಅಂಟಿದರೆ ಅಗಲ ಬಾಣಲೆಗೆ ಹಾಕಿ ಮತ್ತೆ ಕೆದಕಿ. ಹುರಿಗಡಲೆ ಹಿಟ್ಟು ಬೆರೆಸಿ ಗಟ್ಟಿ ಮಾಡುವವರಿದ್ದಾರೆ. ಗಟ್ಟಿಯೇನೋ ಆಗುತ್ತದೆ, ರುಚಿ ಮಂಕಾಗುತ್ತದೆ.

ಇಷ್ಟನ್ನೂ ಅಮಾವಾಸ್ಯೆಯ ದಿನವೇ ಮುಗಿಸಬಹುದು. ಹೂರಣವೂ ಕಟ್ಟೂ ಆರಿದ ಮೇಲೆ ಫ್ರಿಜ್‌ಗೆ ಹೋಗಲಿ. ಕಟ್ಟನ್ನು ರಾತ್ರಿಯೆಲ್ಲ ಹೊರಗೆ ಬಿಟ್ಟರೆ ಬೆಳಿಗ್ಗೆ ಹುಳಿ ವಾಸನೆ ಹಿಡಿದಿರುತ್ತದೆ. ಹಬ್ಬದ ದಿನ ಹೂರಣವನ್ನು ತಟ್ಟುವುದಕ್ಕೆ ಎರಡು ಗಂಟೆ ಮೊದಲೇ ಹೊರಗಿಡಿ. ತಣ್ಣಗಿನ ಗಟ್ಟಿ ಉಂಡೆ ಕಣಕದಿಂದ ಹೊರಗೆ ನುಗ್ಗುತ್ತದೆ. ಕಣಕ ಬೆಳಿಗ್ಗೆ ಕಲಸಿ, ಎಣ್ಣೆಯಲ್ಲಿ ಕನಿಷ್ಠ ಎರಡು ಗಂಟೆ ನೆನೆಯಲಿ. ಚೂರು ಎಳೆದರೆ ಹರಿಯದೆ ಉದ್ದಕ್ಕೆ ಬರಬೇಕು.

ಒಂದು ಒಬ್ಬಟ್ಟಿಗೆ ಎರಡು ನಿಮಿಷ ಎಂದರೂ ಒಂದೇ ಹೆಂಚಿನಲ್ಲಿ 40ಕ್ಕೆ ಒಂದು ಗಂಟೆ 20 ನಿಮಿಷ ಬೇಕು. ಒಬ್ಬರು ತಟ್ಟಿ ಒಬ್ಬರು ಬೇಯಿಸುವಂತೆ ಎರಡು ಹೆಂಚಿಟ್ಟು ಮಧ್ಯಾಹ್ನ 2ಕ್ಕೆ ಶುರು ಮಾಡಿದರೆ 3ಕ್ಕೆ ಏಳಬಹುದು. ಬೆಂದ ಕೂಡಲೇ ಒಂದರ ಮೇಲೊಂದು ಪೇರಿಸಬೇಡಿ, ಬೆವರಿ ಅಂಟಿಕೊಳ್ಳುತ್ತವೆ. ಬಟ್ಟೆಯ ಮೇಲೆ ಆರಲು ಬಿಟ್ಟು ಆಮೇಲೆ ಪೇರಿಸಿ. 7ಕ್ಕೆ ಅನ್ನ ಮೊದಲು ಇಟ್ಟು ಇಳಿಸಿಬಿಟ್ಟರೆ ಆ ಬರ್ನರು ಒಬ್ಬಟ್ಟು ಬಿಸಿ ಮಾಡುವ ಹೆಂಚಿಗೆ ಸಿಗುತ್ತದೆ.

ಸಾರಿನ ಅಳತೆ ತಲೆಗೆ 150 ಮಿ.ಲೀ.ನಂತೆ ಎರಡೂಕಾಲು ಲೀಟರ್. ಕಟ್ಟಿಗೆ ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣಿನ ರಸ, ನಾಲ್ಕು ದೊಡ್ಡ ಚಮಚ ಸಾರಿನ ಪುಡಿ, ಅರ್ಧ ಹೋಳು ತೆಂಗಿನಕಾಯಿಯ ಜೊತೆ ಒಂದು ಹಿಡಿ ಹೂರಣ ರುಬ್ಬಿ ಹಾಕಿ, ಉಳಿದದ್ದಕ್ಕೆ ನೀರು. ಬೆಳಿಗ್ಗೆಯೇ ಕುದಿಸಿಟ್ಟರೆ ರಾತ್ರಿಯ ಹೊತ್ತಿಗೆ ಹುಳಿ, ಖಾರ, ಸಿಹಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಅಕ್ಕಿ ಹೆಚ್ಚಾಗಿ ವ್ಯರ್ಥವಾಗುವುದು ಇಂಥ ಊಟದಲ್ಲೇ. ಒಬ್ಬಟ್ಟು, ಚಿತ್ರಾನ್ನ ತಿಂದವರು ಬಿಳಿ ಅನ್ನ ಕಡಿಮೆ ಹಾಕಿಸಿಕೊಳ್ಳುತ್ತಾರೆ. ಚಿತ್ರಾನ್ನಕ್ಕೆ 500 ಗ್ರಾಂ, ಅನ್ನಕ್ಕೆ 900 ಗ್ರಾಂ ಧಾರಾಳ. ಐದಾರು ಮಕ್ಕಳಿದ್ದರೆ 200 ಗ್ರಾಂ ಇಳಿಸಿ. ಚಿತ್ರಾನ್ನದ ಅನ್ನವನ್ನು 4 ಗಂಟೆಗೆ ಮಾಡಿ ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ಒಗ್ಗರಣೆ ಕಲಸಿ. ನಾಲ್ಕೈದು ನಿಂಬೆಹಣ್ಣಿನ ರಸವನ್ನು ಒಲೆಯಿಂದ ಇಳಿಸಿದ ಮೇಲೇ ಹಿಂಡಿ, ಕುದಿಸಿದರೆ ಕಹಿ. ಕಾಯಿತುರಿ ಬಡಿಸುವ ಮುಂಚೆ.

ಮೊಸರಿಗೆ ಎರಡೂವರೆ ಲೀಟರ್ ಹಾಲು: ಒಂದೂವರೆ ಲೀಟರ್ ಊಟಕ್ಕೆ, ಉಳಿದದ್ದು ಮಜ್ಜಿಗೆಹುಳಿಗೆ. ತಂಪು ಹವೆಯಲ್ಲಿ ನಿಧಾನ ಹೆಪ್ಪುಗಟ್ಟುವುದರಿಂದ ಹಿಂದಿನ ರಾತ್ರಿ 9ರೊಳಗೆ ಹೆಪ್ಪು ಹಾಕಿ. ಒಂದು ಕಿಲೋ ಬೂದುಗುಂಬಳದ ಹೋಳು ಬೇಯಿಸಿ, ನೆನೆಸಿದ ಕಡಲೆಬೇಳೆ, ಕಾಯಿ, ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿ ರುಬ್ಬಿ ಹಾಕಿ ಕುದಿಸುವ ತನಕ ಸಂಜೆ 5ಕ್ಕೇ ಆಗಲಿ. ಕಡೆದ ಮೊಸರು 7ರ ಮೇಲೆ ಬೀಳಬೇಕು, ಅಂಚಿನಲ್ಲಿ ನೊರೆ ಎದ್ದ ತಕ್ಷಣ ಇಳಿಸಬೇಕು. ಇನ್ನೊಂದು ಕುದಿ ಬಂದರೆ ಒಡೆಯುತ್ತದೆ. ಮೊಸರು ಹುಳಿಯಾಗಿದ್ದರೆ ಇನ್ನೂ ಬೇಗ ಒಡೆಯುತ್ತದೆ.

ಪಲ್ಯಕ್ಕೆ ಹುರುಳಿಕಾಯಿ ಒಂದೂಕಾಲು ಕಿಲೋ, ಹಿಂದಿನ ದಿನ ಹೆಚ್ಚಿಟ್ಟರೆ ಸಾಕು. ಕೋಸಂಬರಿಗೆ ಹೆಸರುಬೇಳೆ 200 ಗ್ರಾಂ, ಎರಡು ಸೌತೆಕಾಯಿ. ಉಪ್ಪು ಎಲೆ ಹಾಕಿದ ಮೇಲೆ ಬೆರೆಸಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲೆಯೆಲ್ಲ ಹರಿಯುತ್ತದೆ. ಹಪ್ಪಳ 3 ಗಂಟೆಗೆ ಕರಿದು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ದೀಪಾವಳಿಯ ಹೊತ್ತಿಗೆ ಮಳೆ ಹಿಡಿದರೆ ಹೊರಗಿಟ್ಟ ಹಪ್ಪಳ ಗಂಟೆಯೊಳಗೆ ಮೆತ್ತಗಾಗುತ್ತದೆ.

ಸಾರು ಉಳಿದರೆ ರಾತ್ರಿಯೇ ಒಮ್ಮೆ ಕುದಿಸಿ, ಆರಿಸಿ ಫ್ರಿಜ್‌ಗಿಡಿ. ಮಜ್ಜಿಗೆಹುಳಿಯನ್ನು ಮಾತ್ರ ಮರುದಿನ ಕುದಿಸಲು ಹೋಗಬೇಡಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿಕೊಳ್ಳಿ.