ಜೊತೆ ಸೇರಿದರೆ ಮಾತ್ರ ಹೊಳೆಯುವ ಅಣುಗಳು

ಮೊನ್ನೆ ಮಂಡ್ಯದ ಪೇಟೆ ಬೀದಿಯ ದಿನಸಿ ಅಂಗಡಿಯಲ್ಲಿ ಕಲ್ಲುಸಕ್ಕರೆ ಕೊಳ್ಳುತ್ತಿದ್ದೆ. ಜೊತೆಗೆ ಅಕ್ಕನ ಮಗಳಿದ್ದಳು. ನಾನು ಕೊಟ್ಟ 500ರ ನೋಟನ್ನು ಅಂಗಡಿಯವರು ನೇರಳೆ ದೀಪದ ಕೆಳಗೆ ಹಿಡಿದರು. ನೋಟಿನ ನಂಬರುಗಳು ಪಳಪಳ ಹೊಳೆದವು. "ಮಾವ, ನೋಟಿಗೆ ಲೈಟು ಎಲ್ಲಿಂದ ಬಂತು?" ಅಂದಳು.

ಆ ನಂಬರುಗಳ ಶಾಯಿ, ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕನ್ನು ನುಂಗಿ, ಕಾಣುವ ಬೆಳಕನ್ನು ಹೊರಗೆ ಬಿಡುತ್ತದೆ. ನೋಟು ಅಚ್ಚು ಹಾಕುವ ಒಂದು ಪ್ರೆಸ್ ಪಕ್ಕದ ಮೈಸೂರಲ್ಲೇ ಇದೆ ಅಂತಲೂ ಹೇಳಿದೆ. ಆದರೆ ಅವಳಿಗೆ ನಿಜವಾಗಿ ಹೇಳಬೇಕು ಅನ್ನಿಸಿದ್ದು ಬೇರೆಯದು. ಒಂಟಿಯಾಗಿದ್ದಾಗ ಹೊಳೆಯದೆ, ಒತ್ತೊತ್ತಾಗಿ ಕೂತಾಗ ಮಾತ್ರ ಹೊಳೆಯುವ ಅಣುಗಳಿವೆ.

1895ರ ನವೆಂಬರ್ 8. ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ರಂಟ್ಗನ್ ಅನ್ನುವ ಭೌತವಿಜ್ಞಾನಿ ಕತ್ತಲೆ ಕೋಣೆಯಲ್ಲಿ ಪ್ರಯೋಗ ಮಾಡುತ್ತಿದ್ದರು. ವಿದ್ಯುತ್ ಹರಿಯುವ ಗಾಜಿನ ಕೊಳವೆಗೆ ಕಪ್ಪು ರಟ್ಟು ಸುತ್ತಿತ್ತು. ಆದರೂ ದೂರದಲ್ಲಿದ್ದ ಪರದೆಯೊಂದು ಮಿನುಗಿತು. ಎಕ್ಸ್‌-ರೇ ಸಿಕ್ಕಿದ್ದು ಹಾಗೆ. ಆ ಪರದೆಗೆ ಬಳಿದಿದ್ದದ್ದು ಬೇರಿಯಂ ಪ್ಲಾಟಿನೋಸಯನೈಡ್ ಅನ್ನುವ ಉಪ್ಪು. ಎಕ್ಸ್‌-ರೇ ಕಥೆ ಎಲ್ಲರಿಗೂ ಗೊತ್ತು. ನನಗೆ ಈ ಉಪ್ಪಿನ ಕಥೆಯೇ ಜಾಸ್ತಿ ಇಷ್ಟ.

ಈ ಉಪ್ಪನ್ನು ಜಾಸ್ತಿ ನೀರಲ್ಲಿ ಕರಗಿಸಿ, ಹೊಳಪು ಮಾಯ. ನೀರು ಆರಿ ಹರಳು ಕಟ್ಟಲಿ, ಹೊಳಪು ಮತ್ತೆ ಬರುತ್ತದೆ. ಪದಾರ್ಥ ಬದಲಾಗಿಲ್ಲ, ಅಲ್ವಾ? ಬದಲಾಗಿದ್ದು ಜೋಡಣೆ.

ಮನೆಯ ಇಡ್ಲಿ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ನಡುವೆ ಕಡ್ಡಿ, ಸುತ್ತ ನಾಲ್ಕು ಗುಳಿ. ಪ್ಲಾಟಿನೋಸಯನೈಡ್ ಕೂಡ ಅಂಥದ್ದೇ ಚಪ್ಪಟೆ ತಟ್ಟೆ: ನಡುವೆ ಪ್ಲಾಟಿನಂ, ನಾಲ್ಕು ಕಡೆ ನಾಲ್ಕು ಸಯನೈಡ್. ಹರಳಿನಲ್ಲಿ ಈ ತಟ್ಟೆಗಳು ಒಂದರ ಮೇಲೊಂದು ಕೂರುತ್ತವೆ. ಪ್ಲಾಟಿನಂಗಳೆಲ್ಲ ಒಂದೇ ಸಾಲಿಗೆ ಬರುತ್ತವೆ. ಎರಡರ ನಡುವಿನ ಅಂತರ ಮೂರು ಚಿಲ್ಲರೆ ಆಂಗ್‌ಸ್ಟ್ರಾಂ. ಒಂದು ಮಿಲಿಮೀಟರನ್ನು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ಆಂಗ್‌ಸ್ಟ್ರಾಂ. ಇಷ್ಟು ಹತ್ತಿರ ಬಂದಾಗ ಪಕ್ಕಪಕ್ಕದ ಪ್ಲಾಟಿನಂಗಳ ಎಲೆಕ್ಟ್ರಾನ್ ಮೋಡಗಳು ಒಂದಕ್ಕೊಂದು ತಾಗುತ್ತವೆ. ಆಗ ಎಲೆಕ್ಟ್ರಾನ್ ಹತ್ತಬೇಕಾದ ಶಕ್ತಿಯ ಮೆಟ್ಟಿಲು ಗಿಡ್ಡವಾಗುತ್ತದೆ. ಆ ಮೆಟ್ಟಿಲಿಂದ ಇಳಿಯುವಾಗ ಅದು ಬಿಡುವ ಬೆಳಕು ನಮ್ಮ ಕಣ್ಣಿಗೆ ಕಾಣುತ್ತದೆ. ತಟ್ಟೆಗಳು ಇನ್ನೂ ಹತ್ತಿರವಾದಷ್ಟೂ ಬಣ್ಣ ಕೆಂಪಿನ ಕಡೆಗೆ ಜಾರುತ್ತದೆ.

"ತಟ್ಟೆಗಳ್ನ ಜೋಡ್ಸೋರು ಯಾರು?" ಅಂತ ಹುಡುಗಿ ಕೇಳಿದಳು. ಉತ್ತರ ಅವಳ ಕೈಯಲ್ಲೇ ಇತ್ತು. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟು ಸುಮ್ನೆ ಇಟ್ಟರೆ ಕಲ್ಲುಸಕ್ಕರೆ ಬೆಳೆಯುತ್ತದೆ. ಸಕ್ಕರೆಯ ಅಣುಗಳು ತಾವೇ ಬಂದು ಕೂರುತ್ತವೆ. ಹೀಗೆ ತಾನಾಗಿ ಜೋಡಿಕೊಳ್ಳುವುದಕ್ಕೆ ಸೆಲ್ಫ್ ಅಸೆಂಬ್ಲಿ ಅನ್ನುತ್ತಾರೆ.

ಇದರ ಗುಟ್ಟು ಸಡಿಲವಾದ ಹಿಡಿತ. ಬೆಸುಗೆ ಹಾಕಿದ ಹಾಗೆ ಗಟ್ಟಿ ಹಿಡಿದುಬಿಟ್ಟರೆ ತಪ್ಪಾಗಿ ಕೂತ ಅಣು ತಪ್ಪಾಗಿಯೇ ಉಳಿಯುತ್ತದೆ. ಹಿಡಿತ ಸಡಿಲವಿದ್ದರೆ ಬಿಟ್ಟು ಮತ್ತೆ ಕೂರಬಹುದು. 1990ರಲ್ಲಿ ಜಪಾನಿನ ಮಕೋಟೊ ಫುಜಿಟಾ ಇದನ್ನು ಚೆನ್ನಾಗಿ ತೋರಿಸಿದರು. ಪಲ್ಲಾಡಿಯಂ ಲೋಹದ ಮೂಲೆಗಳನ್ನೂ ಕಡ್ಡಿಯಂಥ ಅಣುಗಳನ್ನೂ ನೀರಲ್ಲಿ ಬೆರೆಸಿದರು. ನಾಲ್ಕು ಮೂಲೆ, ನಾಲ್ಕು ಕಡ್ಡಿ ಸೇರಿ ಚೌಕಗಳು ತಾವಾಗಿಯೇ ಆದವು. ಸೊಟ್ಟ ಕೂತವು ಬಿಚ್ಚಿಕೊಂಡು ಸರಿಯಾಗಿ ಸೇರಿದವು. ಅಣುಗಳ ಇಂಥ ಸಂಸಾರಕ್ಕೇ ಸುಪ್ರಾಮಾಲಿಕ್ಯೂಲ್ ಅಂತ ಹೆಸರು.

ಪ್ಲಾಟಿನಂ ಹಾಗೆ ಚಿನ್ನಕ್ಕೂ ಈ ಸ್ವಭಾವ ಇದೆ. ಕೆಲವು ಸಂಯುಕ್ತಗಳಲ್ಲಿ ಚಿನ್ನದ ಅಯಾನುಗಳು, ಅಂದರೆ ವಿದ್ಯುದಂಶವಿರುವ ಪರಮಾಣುಗಳು, ಒಂದನ್ನೊಂದು ಎಳೆದುಕೊಳ್ಳುತ್ತವೆ. 2008ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ಅಂಥ ಒಂದು ಪುಡಿಯನ್ನು ವಿವರಿಸಿದರು. ಅಲ್ಟ್ರಾವಯಲೆಟ್ ದೀಪದ ಕೆಳಗೆ ಅದು ನೀಲಿ. ಖಲ್ಲಿನಲ್ಲಿ ಅರೆದರೆ ಜೋಡಣೆ ಕದಡಿ, ಚಿನ್ನ ಚಿನ್ನದ ಹತ್ತಿರ ಸರಿದು, ಹೊಳಪು ಹಳದಿಯಾಗುತ್ತದೆ. ಅದಕ್ಕೆ ಡೈಕ್ಲೋರೋಮೀಥೇನ್ ಅನ್ನುವ ದ್ರವದ ಕೆಲವು ಹನಿ ಬಿಟ್ಟರೆ ಸಾಕು. ಅಣುಗಳು ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂರುತ್ತವೆ. ಹಳದಿ ಹೋಗಿ ಮತ್ತೆ ನೀಲಿ ಬರುತ್ತದೆ.