‘ಕೊಕುಹೊ’ ಚಿತ್ರದ ತೆರೆಯ ಹಿಂದೆ: ದೂರದಿಂದ ನೋಡುವ ಕಬುಕಿ, ಹತ್ತಿರ ಬರುವ ಕ್ಯಾಮೆರಾ

ಕಬುಕಿ ದೂರದಿಂದ ನೋಡಲೆಂದೇ ಬೆಳೆದ ಜಪಾನಿನ ರಂಗಕಲೆ. ಕರೆಂಟು ಬರುವ ಮುಂಚೆ, ಮೊಂಬತ್ತಿ ಬೆಳಕಿನ ಥಿಯೇಟರಿನಲ್ಲಿ ಹಿಂದಿನ ಸಾಲಿನವರಿಗೂ ಮುಖ ಕಾಣಲಿ ಅಂತಲೇ ಅಷ್ಟು ಬಿಳಿ ಬಳಿಯುತ್ತಿದ್ದರು. ಸಿನಿಮಾ ಕ್ಯಾಮೆರಾ ಹಾಗಲ್ಲ, ಮುಖದ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಬೆವರು, ಬ್ರಶ್ಶಿನ ಗೆರೆ, ಕುತ್ತಿಗೆಯ ನರ ಎಲ್ಲ ಕಾಣುತ್ತವೆ. ಇವೆರಡನ್ನೂ ಹೇಗೆ ಹೊಂದಿಸಿದರು ಅನ್ನೋದೇ ‘ಕೊಕುಹೊ’ ಚಿತ್ರದಲ್ಲಿ ನಾವು ಕಲಿಯಬೇಕಾದ ವಿಷಯ ಅಂತ ನನಗನ್ನಿಸುತ್ತದೆ. ಕಥೆಯ ವಿವರ ಬರುತ್ತದೆ. ಸಿನಿಮಾ ಇನ್ನೂ ನೋಡಿಲ್ಲ ಅಂದರೆ ಮೊದಲು ನೋಡಿಬಿಡಿ.

ಮೊದಲು ಚಿತ್ರದ ಜಾತಕ, ಚುಟುಕಾಗಿ. ನಿರ್ದೇಶಕ ಲೀ ಸಾಂಗ್-ಇಲ್, ಜಪಾನಿನಲ್ಲೇ ಹುಟ್ಟಿ ಬೆಳೆದ ಕೊರಿಯನ್ ಮೂಲದವರು. ಕಥೆ ಶುಯಿಚಿ ಯೊಶಿದಾ ಅವರ ಕಾದಂಬರಿಯದ್ದು. 2025ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಡೈರೆಕ್ಟರ್ಸ್ ಫೋರ್ಟ್‌ನೈಟ್ ವಿಭಾಗದಲ್ಲಿ ತೋರಿಸಿದರು, ಜೂನ್ 6ಕ್ಕೆ ಜಪಾನಿನಲ್ಲಿ ಬಿಡುಗಡೆಯಾಯಿತು. ಉದ್ದ 175 ನಿಮಿಷ. ಇಷ್ಟುದ್ದದ ಕಬುಕಿ ಸಿನಿಮಾ ಯಾರು ನೋಡ್ತಾರೆ ಅಂತ ಕೇಳಬಹುದು. ಅದೇ ವರ್ಷದ ನವೆಂಬರ್ ಹೊತ್ತಿಗೆ ಗಳಿಕೆ 1,735 ಕೋಟಿ ಯೆನ್ ದಾಟಿತ್ತು, ಜಪಾನಿನ ಲೈವ್-ಆಕ್ಷನ್ (ಅಂದರೆ ಅನಿಮೇಶನ್ ಅಲ್ಲದ) ಚಿತ್ರಗಳಲ್ಲಿ 2003ರಿಂದ ಯಾರೂ ಮುರಿಯದ ದಾಖಲೆ ಮುರಿದಿತ್ತು. ಆಮೇಲೆ 98ನೇ ಆಸ್ಕರ್‌ನಲ್ಲಿ ಮೇಕಪ್ ವಿಭಾಗಕ್ಕೆ ನಾಮನಿರ್ದೇಶನವೂ ಸಿಕ್ಕಿತು.

ಕಥೆ 1964ರ ನಾಗಾಸಾಕಿಯಲ್ಲಿ ಶುರು. ಯಾಕುಜಾ, ಅಂದರೆ ಜಪಾನಿನ ಭೂಗತ ಲೋಕದ ಗುಂಪೊಂದರ ಮುಖಂಡನ ಮಗ ಕಿಕುವೊ. ಅಪ್ಪನ ಕೊಲೆಯಾದ ಮೇಲೆ ಒಸಾಕಾದ ದೊಡ್ಡ ಕಬುಕಿ ನಟ ಹಂಜಿರೊ ಮನೆ ಸೇರುತ್ತಾನೆ. ಹಂಜಿರೊಗೆ ಸ್ವಂತ ಮಗನೂ ಇದ್ದಾನೆ, ಶುನ್‌ಸುಕೆ. ಒಬ್ಬನಿಗೆ ವಂಶ ಇದೆ, ಇನ್ನೊಬ್ಬನಿಗೆ ಬರೀ ಕಲೆ. ಕಬುಕಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಹೆಸರು, ಪಾತ್ರ ಎರಡೂ ಅಪ್ಪನಿಂದ ಮಗನಿಗೆ ಬರುತ್ತವೆ. ಹೊರಗಿನವರು ಗೆದ್ದದ್ದೂ ಇದೆ: ಈಗಿನ ಬಂದೊ ತಮಾಸಾಬುರೊ ಕಬುಕಿ ಮನೆತನದಲ್ಲಿ ಹುಟ್ಟಿದವರಲ್ಲ, ದತ್ತು ಹೋದವರು, 2012ರಲ್ಲಿ ‘ಜೀವಂತ ರಾಷ್ಟ್ರೀಯ ನಿಧಿ’ ಮನ್ನಣೆ ಪಡೆದರು. ‘ಕೊಕುಹೊ’ ಅಂದರೆ ರಾಷ್ಟ್ರೀಯ ನಿಧಿ, ಚಿತ್ರದ ಹೆಸರು ಇದೇ ಮನ್ನಣೆಯ ಕಡೆ ಕೈ ತೋರಿಸುತ್ತದೆ.

ಇಬ್ಬರೂ ಹುಡುಗರು ಒನ್ನಗಾತಾಗಳು, ಅಂದರೆ ಸ್ತ್ರೀವೇಷದ ನಟರು. ಇತಿಹಾಸ ಇಷ್ಟು ನೆನಪಿದ್ದರೆ ಸಾಕು: 1603ರ ಸುಮಾರಿಗೆ ಕ್ಯೋಟೊದಲ್ಲಿ ಕಬುಕಿ ಶುರು ಮಾಡಿದ್ದೇ ಒಕುನಿ ಎಂಬ ಹೆಂಗಸು. 1629ರಲ್ಲಿ ಹೆಂಗಸರು ರಂಗಕ್ಕೆ ಬರಬಾರದು ಅಂತ ಸರ್ಕಾರ ಹೇಳಿತು. ಎಳೆಯ ಹುಡುಗರ ಕಬುಕಿ ಬಂತು, ಅದನ್ನೂ 1652ರಲ್ಲಿ ನಿಲ್ಲಿಸಿದರು. ಆಮೇಲೆ ಉಳಿದದ್ದು ದೊಡ್ಡ ಗಂಡಸರು. ಹೆಣ್ಣಿನ ಪಾತ್ರ ಅವರ ಪಾಲಿಗೇ ಬಂತು.

ದೇಹ ತಯಾರಿ

ಕಿಕುವೊ ಪಾತ್ರದ ರ್ಯೊ ಯೊಶಿಜಾವಾ, ಶುನ್‌ಸುಕೆ ಪಾತ್ರದ ರ್ಯೂಸೆ ಯೊಕೊಹಾಮಾ ಇಬ್ಬರೂ ಕಬುಕಿ ನಟರಲ್ಲ, ಸಿನಿಮಾದವರು. ಸುಮಾರು ಒಂದೂವರೆ ವರ್ಷ ಕಲಿತರು. ಕಲಿಕೆ ಶುರುವಾಗುವುದೇ ನಡಿಗೆಯಿಂದ. ಪಾದ ನೆಲ ಬಿಡಬಾರದು, ಜಾರಿಸಿಕೊಂಡು ಹೋಗಬೇಕು, ತಲೆ ಮೇಲೆ ಕೆಳಗೆ ಆಗಬಾರದು. ಒನ್ನಗಾತಾ ಆದರೆ ಇನ್ನೂ ಕಷ್ಟ. ಮಂಡಿ ಕೂಡಿಸಿಯೇ ಇರಬೇಕು (ಮಂಡಿಗಳ ನಡುವೆ ಕಾಗದ ಸಿಕ್ಕಿಸಿಕೊಂಡು, ಅದು ಬೀಳದ ಹಾಗೆ ನಡೆಯುವ ಅಭ್ಯಾಸ ಇದೆ), ಬೆರಳು ಒಳಮುಖ, ಹೆಗಲ ಮೂಳೆ ಹಿಂದಕ್ಕೆ ಎಳೆದು ಕೆಳಗೆ ಬಿಡಬೇಕು. ಹಾಗೆ ಮಾಡಿದರೆ ಗಂಡಸಿನ ಅಗಲ ಭುಜ ಕಿರಿದಾಗಿ, ಇಳಿಜಾರಾಗಿ ಕಾಣುತ್ತದೆ. ನೀವೇ ಕನ್ನಡಿ ಮುಂದೆ ಒಂದು ನಿಮಿಷ ಮಾಡಿ ನೋಡಿ, ಬೆನ್ನು ಹಿಡಿದುಕೊಳ್ಳುತ್ತದೆ. ಇದರ ಮೇಲೆ ಭಾರದ ಕಿಮೊನೊ, ವಿಗ್ಗು.

ಇವರನ್ನು ತಿದ್ದಿದವರು ನಕಾಮುರಾ ಗಂಜಿರೊ, ನಿಜವಾದ ಕಬುಕಿ ಮನೆತನದ ನಾಲ್ಕನೇ ಗಂಜಿರೊ. ಚಿತ್ರದಲ್ಲಿ ಪಾತ್ರವನ್ನೂ ಮಾಡಿದ್ದಾರೆ. ಕಾದಂಬರಿ ಬರೆಯುವಾಗಲೂ ಇವರದ್ದೇ ನೆರವು: ಯೊಶಿದಾ ಮೂರು ವರ್ಷ ಕುರೊಗೊ, ಅಂದರೆ ರಂಗ ಸಹಾಯಕರ ಕಪ್ಪು ಬಟ್ಟೆ ತೊಟ್ಟು ಇವರ ಜೊತೆ ರಂಗದ ಹಿಂದೆ ಓಡಾಡಿದ್ದರು. ಕಬುಕಿಯಲ್ಲಿ ಕಪ್ಪು ಬಟ್ಟೆ ತೊಟ್ಟವನು ಕಂಡರೂ ಇಲ್ಲದ ಲೆಕ್ಕ. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ ಹೇಳಿ?

ಇಲ್ಲೊಂದು ವಿಷಯ ಗುರುತು ಹಾಕಿಕೊಳ್ಳಿ. ಕಷ್ಟಪಟ್ಟು ಕಲಿತ ಕುಣಿತವನ್ನು ಚೆಂದವಾಗಿ ಕುಣಿದು ತೋರಿಸಿದರೆ ನಿರ್ದೇಶಕರಿಗೆ ಸಾಲಲಿಲ್ಲ. ಕಿಕುವೊ ಆಗಿ ಕುಣಿಯಬೇಕು ಅಂದರು. ರಂಗದಲ್ಲಿ ಒನ್ನಗಾತಾ ಮುಖವನ್ನು ಹೆಚ್ಚು ಆಡಿಸುವುದಿಲ್ಲ, ಕೊರಳು, ಕೈ, ತೋಳಿನ ಬಟ್ಟೆಯೇ ಎಲ್ಲ ಹೇಳುತ್ತವೆ. ಕ್ಯಾಮೆರಾ ಬಂದಾಗ ಆ ಅಲುಗದ ಮುಖದ ಹಿಂದಿನ ನಟನೂ ಕಾಣಬೇಕು. ಅಂದರೆ ಯೊಶಿಜಾವಾ ಮಾಡಿದ್ದು ಒಂದರೊಳಗೊಂದು ಮೂರು ಕೆಲಸ: ತಾನು, ತನ್ನ ಮೇಲೆ ಕಿಕುವೊ, ಅವನ ಮೇಲೆ ಅವನು ಕಟ್ಟಿದ ಹೆಣ್ಣು.

ಬಣ್ಣ

ಮೊದಲು ಮೇಣದಂಥ ಗಟ್ಟಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಮುಖಕ್ಕೆಲ್ಲ ಹಚ್ಚುತ್ತಾರೆ. ಹುಬ್ಬನ್ನು ಅದರಲ್ಲೇ ಮೆತ್ತಿ ಮುಚ್ಚುತ್ತಾರೆ. ಆಮೇಲೆ ನೀರಿನಲ್ಲಿ ಕಲಸಿದ ಬಿಳಿ ಬಣ್ಣವನ್ನು ಅಗಲ ಬ್ರಶ್ಶಿನಿಂದ ಮುಖಕ್ಕೆ, ಕತ್ತಿಗೆ, ಹಿಂಗತ್ತಿನ ಕೆಳಗಿನ ತನಕ ಬಳಿದು ಸ್ಪಂಜಿನಿಂದ ತಟ್ಟುತ್ತಾರೆ. ಅದಾದ ಮೇಲೆ ಹುಬ್ಬು, ಕಣ್ಣಿನ ಕೊನೆಗೆ ಕೆಂಪು, ತುಟಿ. ಹಿಂದೆ ಆ ಬಿಳಿ ಸೀಸದ್ದು. 1887ರಲ್ಲಿ ಮೇಜಿ ಚಕ್ರವರ್ತಿ ಎದುರು ಆಡುವಾಗ ನಕಾಮುರಾ ಫುಕುಸುಕೆ ಎಂಬ ನಟನ ಕಾಲು ನಡುಗಲು ಶುರುವಾಗಿ, ಸೀಸದ ವಿಷ ದೊಡ್ಡ ಸುದ್ದಿಯಾಯಿತು.

ನಮ್ಮ ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ತಮ್ಮ ಬಣ್ಣ ತಾವೇ ಬರೆದುಕೊಳ್ಳುವ ಹಾಗೆ ಕಬುಕಿ ನಟರೂ ತಾವೇ ಬರೆದುಕೊಳ್ಳುತ್ತಾರೆ. ಇದು ಗೊತ್ತಿದ್ದರೆ ಚಿತ್ರದ ಒಂದು ದೃಶ್ಯ ಪೂರ್ತಿ ಬೇರೆಯಾಗಿ ಕಾಣುತ್ತದೆ. ಹಂಜಿರೊ ಅಪಘಾತದಲ್ಲಿ ಗಾಯಗೊಂಡು, ತನ್ನ ಪಾತ್ರಕ್ಕೆ ಮಗನನ್ನು ಬಿಟ್ಟು ಕಿಕುವೊನನ್ನು ಆರಿಸುತ್ತಾನೆ. ರಂಗಕ್ಕೆ ಹೋಗುವ ಮುಂಚೆ ಕನ್ನಡಿ ಮುಂದೆ ಕಿಕುವೊ ಕೈ ನಡುಗುತ್ತದೆ, ಗೆರೆ ಎಳೆಯಲು ಆಗುವುದಿಲ್ಲ. ಆಗ ಬ್ರಶ್ ತಗೊಂಡು ಗೆರೆ ಎಳೆಯುವವನು ಅವಕಾಶ ಕಳಕೊಂಡ ಶುನ್‌ಸುಕೆ. ನಿನ್ನ ರಕ್ತ ಕುಡಿಯಬೇಕು ಅನ್ನಿಸುತ್ತಿದೆ ಅಂತ ಕಿಕುವೊ ಅವನಿಗೆ ಹೇಳುವುದು ಇಲ್ಲೇ. ವಂಶದ ಬಗ್ಗೆ ಎಷ್ಟೇ ಮಾತು ಬರೆದಿದ್ದರೂ ಆ ನಡುಗುವ ಕೈಯಷ್ಟು ಕೆಲಸ ಮಾಡುತ್ತಿರಲಿಲ್ಲ, ಅಲ್ವಾ?

ಬಟ್ಟೆ ಮತ್ತು ದಾರ

ಕಣ್ಣೆದುರೇ ಕಿಮೊನೊ ಬಣ್ಣ ಬದಲಾಗುವ ಚಮತ್ಕಾರಕ್ಕೆ ಹಿಕಿನುಕಿ ಅಂತಾರೆ. ಒಂದರ ಮೇಲೊಂದು ಎರಡು ಕಿಮೊನೊ. ಮೇಲಿನದನ್ನು ಭುಜ, ತೋಳಿನ ಹತ್ತಿರ ದಪ್ಪ ದಾರದಿಂದ ಸುಮ್ನೆ ಹೊಲಿದು ನಿಲ್ಲಿಸಿರುತ್ತಾರೆ, ದಾರದ ತುದಿಗೆ ಸಣ್ಣ ಗುಂಡು. ನಟ ಕುಣಿಯುತ್ತಿರುವಾಗ ಹಿಂದೆ ಕೂತ ಸಹಾಯಕ (ಇವನಿಗೆ ಕೋಕೆನ್ ಅನ್ನುತ್ತಾರೆ) ಒಂದೊಂದೇ ದಾರ ಎಳೆದು ತೆಗೆಯುತ್ತಾನೆ. ಎಲ್ಲ ಬಿಚ್ಚಿದ ಮೇಲೆ ತಾಳಕ್ಕೆ ಸರಿಯಾಗಿ ಒಂದೇ ಎಳೆತ. ಒಂದು ದಾರ ಉಳಿದರೂ ಮುಗಿಯಿತು, ಬಟ್ಟೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಿತ್ರದಲ್ಲಿ ಬರುವ ‘ಸಾಗಿ ಮುಸುಮೆ’ಯಲ್ಲಿ ಬಿಳಿ ಬಟ್ಟೆಯ ಬಕಪಕ್ಷಿ ಹುಡುಗಿ ಕೆಂಪಾಗುವುದು ಹೀಗೆಯೇ. 1762ರಷ್ಟು ಹಳೆಯ ನೃತ್ಯ ಅದು.

ಛಾಯಾಗ್ರಾಹಕ ಸೋಫಿಯಾನ್ ಎಲ್ ಫಾನಿ, ಟ್ಯುನೀಶಿಯಾದವರು. ಕ್ಯಾಮೆರಾವನ್ನು ಪ್ರೇಕ್ಷಕರ ಕುರ್ಚಿಯಿಂದ ಎತ್ತಿ ರಂಗದ ಮೇಲೆ, ನಟನ ಬೆನ್ನ ಹಿಂದೆ ಇಟ್ಟಿದ್ದಾರೆ. ನಟನಿಗೆ ಕಾಣುವ ಕಣ್ಣು ಕುಕ್ಕುವ ಬೆಳಕು, ಅದರಾಚೆಯ ಕತ್ತಲು ನಮಗೂ ಕಾಣುತ್ತದೆ. ಟಿಕೆಟ್ ಕೊಂಡು ಕಬುಕಿ ನೋಡುವವನಿಗೆ ಯಾವತ್ತೂ ಸಿಗದ ನೋಟ.

ಸೊನೆಜಾಕಿ: ಒಂದು ಪಾದ

ಹತ್ತಿರದ ನೋಟ ಅತ್ಯಂತ ಚೆನ್ನಾಗಿ ಫಲ ಕೊಟ್ಟಿರುವುದು ‘ಸೊನೆಜಾಕಿ ಶಿಂಜು’ ನಾಟಕದಲ್ಲಿ. ಒಸಾಕಾದಲ್ಲಿ ನಿಜವಾಗಿ ನಡೆದ ಪ್ರೇಮಿಗಳ ಆತ್ಮಹತ್ಯೆಯ ಮೇಲೆ ನಾಟಕಕಾರ ಚಿಕಾಮತ್ಸು 1703ರಲ್ಲಿ ಬೊಂಬೆಯಾಟಕ್ಕೆ ಬರೆದದ್ದು. ಕಬುಕಿಯಲ್ಲಿ ಮತ್ತೆ ಜೀವ ಬಂದದ್ದು 1953ರಲ್ಲಿ, ಅದೂ ಗಂಜಿರೊ ಮನೆಯಲ್ಲೇ: ಎರಡನೇ ಗಂಜಿರೊ ನಾಯಕ, ಅವರ ಮಗ ನಾಯಕಿ ಒಹಾತ್ಸು. ಆ ಮಗ ಒಹಾತ್ಸುವನ್ನು ಸಾವಿರಕ್ಕೂ ಹೆಚ್ಚು ಸಲ ಆಡಿದರು. ಚಿತ್ರಕ್ಕೆ ಕಬುಕಿ ಹೇಳಿಕೊಟ್ಟ ನಾಲ್ಕನೇ ಗಂಜಿರೊ ಈ ಒಹಾತ್ಸು ನಟನ ಮಗ.

ದೃಶ್ಯ ಹೀಗಿದೆ. ಒಹಾತ್ಸು ಜಗಲಿ ಮೇಲೆ ಕೂತಿದ್ದಾಳೆ, ಪ್ರಿಯಕರ ತೊಕುಬೆ ಜಗಲಿ ಕೆಳಗೆ ಅಡಗಿದ್ದಾನೆ, ಜನ ಸುತ್ತ ಇದ್ದಾರೆ. ಸಾಯಲು ಸಿದ್ಧನಾ ಅಂತ ಅವಳು ಪಾದದಿಂದಲೇ ಕೇಳುತ್ತಾಳೆ. ಅವನು ಆ ಪಾದ ಹಿಡಿದು ತನ್ನ ಗಂಟಲ ಮೇಲೆ ಎಳೆದುಕೊಳ್ಳುತ್ತಾನೆ. ಬೊಂಬೆಯಾಟದಲ್ಲಿ ಹೆಣ್ಣು ಬೊಂಬೆಗೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ, ಈ ದೃಶ್ಯಕ್ಕೆಂದೇ ಒಂದು ಪಾದ ಮಾಡುತ್ತಾರೆ.

ಚಿತ್ರದಲ್ಲಿ ಈ ದೃಶ್ಯ ಎರಡು ಸಲ. ಮೊದಲು ಕಿಕುವೊ ಒಹಾತ್ಸು. ವರ್ಷಗಳ ಮೇಲೆ ಶುನ್‌ಸುಕೆ ಒಹಾತ್ಸು, ಕಿಕುವೊ ತೊಕುಬೆ. ಆ ಹೊತ್ತಿಗೆ ಶುನ್‌ಸುಕೆ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳಕೊಂಡಿದ್ದಾನೆ, ಉಳಿದ ಪಾದವೂ ಕೊಳೆಯುತ್ತಿದೆ. ಜಗಲಿ ಕೆಳಗಿನ ಕಿಕುವೊಗೆ ಬಣ್ಣ ಕೆಟ್ಟ ಆ ಪಾದ ಕಣ್ಣೆದುರಿಗೇ ಇದೆ. ಥಿಯೇಟರಿನಲ್ಲಿ ಕೂತವರಿಗೆ ಕಾಣುವುದು ಒಹಾತ್ಸುವಿನ ಪಾದ, ನಮಗೆ ಕಾಣುವುದು ಶುನ್‌ಸುಕೆಯದು. ಬಿಳಿ ಬಣ್ಣ, ವಿಗ್ಗು, ದಾರ ಎಲ್ಲ ಸೇರಿ ಮುಚ್ಚಿಟ್ಟಿದ್ದನ್ನು ಕ್ಯಾಮೆರಾ ಈ ಒಂದು ಕಡೆ ಪೂರ್ತಿ ಬಿಚ್ಚುತ್ತದೆ.

ಒಂದು ದೂರು ಇದೆ: ಇಷ್ಟು ಸೂಕ್ಷ್ಮವಾಗಿ ಕಟ್ಟಿದ ಹೆಣ್ಣುಗಳು ರಂಗದ ಮೇಲಿವೆ, ಆದರೆ ಕಥೆಯ ನಿಜವಾದ ಹೆಂಗಸರು ಬಂದು ಹೋಗುತ್ತಾರಷ್ಟೇ. ಚರ್ಚೆಗೆ ಇದನ್ನು ಇಟ್ಟುಕೊಳ್ಳಬಹುದು. ಇನ್ನು ಅಭ್ಯಾಸಕ್ಕೆ ‘ಫುತಾರಿ ದೋಜೋಜಿ’ ನೃತ್ಯ ತಗೊಳ್ಳಿ. ಅದೂ ಎರಡು ಸಲ ಬರುತ್ತದೆ. ಪ್ರತಿ ಸಲ ಕ್ಯಾಮೆರಾ ಯಾರ ಪಕ್ಕ ನಿಂತಿದೆ ಅಂತ ಶಾಟ್ ಶಾಟಿಗೂ ಬರೆದುಕೊಂಡು ನೋಡಿ.