ಮನೆಯ ಟ್ಯೂಬ್‌ಲೈಟ್ ಯಾವ ನಿಯಮಕ್ಕೆ ಸೇರುತ್ತದೆ? ಗೃಹ ಅಪಾಯಕಾರಿ ತ್ಯಾಜ್ಯದ ಟಿಪ್ಪಣಿ

ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016 (2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದವು, ಈಗಿನ ನಿಯಮಗಳ ಮಾತು ಕೊನೆಯಲ್ಲಿದೆ) ಓದುವಾಗ ಎರಡನೇ ನಿಯಮದಲ್ಲೇ ತೊಡಕು ಶುರುವಾಗುತ್ತದೆ. ಈ ನಿಯಮಗಳು ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬ ಪಟ್ಟಿ ಅಲ್ಲಿದೆ: ಕೈಗಾರಿಕಾ ತ್ಯಾಜ್ಯ, ಅಪಾಯಕಾರಿ ತ್ಯಾಜ್ಯ, ಜೈವಿಕ ವೈದ್ಯಕೀಯ ತ್ಯಾಜ್ಯ, ಇ-ತ್ಯಾಜ್ಯ, ಸೀಸ-ಆಮ್ಲ ಬ್ಯಾಟರಿ, ವಿಕಿರಣಶೀಲ ತ್ಯಾಜ್ಯ ಇತ್ಯಾದಿ. ಇವಕ್ಕೆ ಬೇರೆ ನಿಯಮಗಳಿವೆ. ಸರಿ ಎಂದುಕೊಂಡು ಮೂರನೇ ನಿಯಮದ ವ್ಯಾಖ್ಯೆಗಳಿಗೆ ಬಂದರೆ ‘ಗೃಹ ಅಪಾಯಕಾರಿ ತ್ಯಾಜ್ಯ’ ಎದುರಾಗುತ್ತದೆ. ಬಣ್ಣದ ಡಬ್ಬ, ಕೀಟನಾಶಕದ ಡಬ್ಬಿ, ಸಿಎಫ್ಎಲ್ ಬಲ್ಬು, ಟ್ಯೂಬ್‌ಲೈಟ್, ಅವಧಿ ಮುಗಿದ ಔಷಧ, ಒಡೆದ ಪಾದರಸದ ಥರ್ಮಾಮೀಟರ್, ಬಳಸಿದ ಬ್ಯಾಟರಿ, ಸೂಜಿ, ಸಿರಿಂಜ್ ಎಲ್ಲವೂ ಅದರಲ್ಲಿವೆ. ಹೊರಗಿಟ್ಟದ್ದನ್ನೇ ಮತ್ತೆ ಒಳಗೆ ಕರೆದದ್ದೇಕೆ? ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಈ ಪ್ರಶ್ನೆ. ಆದ್ದರಿಂದ ಇದನ್ನೇ ಬಿಡಿಸಿ ಬರೆಯುತ್ತೇನೆ.

ವಸ್ತು ಯಾವುದು ಎಂಬುದಕ್ಕಿಂತ ಮೊದಲು ಅದು ಎಲ್ಲಿಂದ ಹೊರಟಿತು ಎಂದು ಕೇಳಬೇಕು. ವ್ಯಾಖ್ಯೆಯ ಕೊನೆಯಲ್ಲಿ ‘ಮನೆಯ ಮಟ್ಟದಲ್ಲಿ ಉತ್ಪತ್ತಿಯಾದ’ ಎಂಬ ಷರತ್ತಿದೆ. ಇಡೀ ಗಂಟು ಬಿಚ್ಚುವುದು ಅಲ್ಲೇ. ಬಣ್ಣ ತಯಾರಿಸುವ ಕಾರ್ಖಾನೆಯೊಂದನ್ನು ಎಣಿಸಿಕೊಳ್ಳಿ. ಅದರ ತೊಟ್ಟಿಯ ತಳದಲ್ಲಿ ಉಳಿದ ಬಣ್ಣದ ಗಸಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಡುತ್ತದೆ. ಕಾರ್ಖಾನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆದಿರಬೇಕು, ಲೆಕ್ಕ ಬರೆದಿಡಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಸಂಗ್ರಹಿಸಿಡುವಂತಿಲ್ಲ, ಸಾಗಿಸುವಾಗ ಲಾರಿಯ ಜೊತೆಗೆ ದಾಖಲೆಪತ್ರ ಹೋಗಬೇಕು. ಅದೇ ಬಣ್ಣ ಮನೆಯ ಗೋಡೆಗೆ ಬಳಿದು ಮಿಕ್ಕಿ, ಡಬ್ಬದ ತಳದಲ್ಲಿ ಒಣಗಿದೆ ಎಂದುಕೊಳ್ಳಿ. ರಾಸಾಯನಿಕ ಒಂದೇ, ವಿಷವೂ ಒಂದೇ. ಆದರೆ ಪ್ರತಿ ಮನೆಯವರೂ ಮಂಡಳಿಯ ಅನುಮತಿ ತರಬೇಕು, ನಮೂನೆ ತುಂಬಬೇಕು ಎಂದರೆ ನಡೆಯುವ ಮಾತಲ್ಲ. ಹಾಗಾಗಿ ಕಾನೂನು ಮನೆಯವರಿಗೆ ಬೇರ್ಪಡಿಸಿ ಕೊಡುವ ಕೆಲಸವನ್ನಷ್ಟೇ ಉಳಿಸಿ, ಮಿಕ್ಕ ಭಾರವನ್ನು ನಗರಸಭೆ, ಪುರಸಭೆ, ಪಾಲಿಕೆಗಳ ಹೆಗಲಿಗೆ ಹಾಕಿದೆ. ಎರಡನೇ ನಿಯಮ ಹೊರಗಿಟ್ಟದ್ದು ಕಾರ್ಖಾನೆಯ ದಾರಿಯನ್ನು. ಮೂರನೇ ನಿಯಮ ತೆರೆದದ್ದು ಮನೆಯ ದಾರಿಯನ್ನು.

ಇನ್ನೊಂದು ಹೆಜ್ಜೆ ಇದೆ, ಇದನ್ನು ಬಿಟ್ಟರೆ ಅರ್ಥ ಪೂರ್ತಿಯಾಗುವುದಿಲ್ಲ. ಎರಡು ದಾರಿಗಳೂ ಕೊನೆಗೆ ಕೂಡಿಕೊಳ್ಳುತ್ತವೆ. 15ನೇ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆ ಗೃಹ ಅಪಾಯಕಾರಿ ತ್ಯಾಜ್ಯಕ್ಕೆ ಠೇವಣಿ ಕೇಂದ್ರ (ಜನ ಇಂಥ ಕಸವನ್ನು ತಂದು ಒಪ್ಪಿಸುವ ಜಾಗ) ತೆರೆಯಬೇಕಿತ್ತು, ಅದು ತೆರೆದಿರುವ ಸಮಯವನ್ನು ಪ್ರಕಟಿಸಬೇಕಿತ್ತು, ಸುರಕ್ಷಿತವಾಗಿ ಸಂಗ್ರಹಿಸಿಟ್ಟು ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕಕ್ಕೆ ಅಥವಾ ಮಂಡಳಿ ಸೂಚಿಸಿದ ಕಡೆಗೆ ಸಾಗಿಸಬೇಕಿತ್ತು. ಕರ್ನಾಟಕದಲ್ಲಿ ಅಂಥ ಘಟಕ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿದೆ. ಮನೆಯ ಕಸ ಎಂಬ ವಿನಾಯಿತಿ ಸಂಗ್ರಹಣೆಯ ಹಂತಕ್ಕೆ ಮಾತ್ರ. ಊರ ಹೊರಗಿನ ಸಾಮಾನ್ಯ ಕಸದ ಗುಡ್ಡಕ್ಕೆ ಸುರಿಯಲು ಅದು ಪರವಾನಗಿ ಅಲ್ಲ.

2016ರ ನಿಯಮದಂತೆ ಎಷ್ಟು ಕೇಂದ್ರ ಬೇಕಿತ್ತು? 20 ಚದರ ಕಿಲೋಮೀಟರ್‌ಗೆ ‘ಅಥವಾ ಅದರ ಭಾಗಕ್ಕೆ’ ಒಂದು. ನನಗೆ ಬಹಳ ಹಿಡಿಸಿದ ಸುಲಭ ಲೆಕ್ಕ ಇದು: ವಿಸ್ತೀರ್ಣವನ್ನು 20ರಿಂದ ಭಾಗಿಸಿ, ಶೇಷ ಎಷ್ಟೇ ಚಿಕ್ಕದಿರಲಿ ಮೇಲಕ್ಕೆ ಏರಿಸಿ. 8 ಚದರ ಕಿ.ಮೀ. ಪಟ್ಟಣಕ್ಕೆ 1, 40ಕ್ಕೆ 2, 41ಕ್ಕೆ 3. ಪರೀಕ್ಷೆಯಲ್ಲಿ ಜನಸಂಖ್ಯೆ ಕೊಟ್ಟು ದಾರಿ ತಪ್ಪಿಸುವ ಪ್ರಶ್ನೆ ಬಂದರೆ ಆ ಅಂಕಿಯನ್ನು ಮುಟ್ಟಲೇಬೇಡಿ. ನಿಯಮ ನೋಡುವುದು ವಿಸ್ತೀರ್ಣವನ್ನು. ಇದರಲ್ಲಿ ಒಂದು ಕೊರತೆಯೂ ಕಾಣುತ್ತದೆ. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಗೂ ವಿರಳವಾದ ಬಡಾವಣೆಗೂ ಅಳತೆ ಒಂದೇ. ಕೈಯಲ್ಲಿ ಒಂದು ಸೂಜಿ, ಎರಡು ಬ್ಯಾಟರಿ ಹಿಡಿದು ಮೂರು ಕಿಲೋಮೀಟರ್ ಹೋಗುವವರು ಎಷ್ಟು ಮಂದಿ? ಹೋಗದಿದ್ದರೆ ಆ ಸೂಜಿ ಒಣ ಕಸದ ಚೀಲ ಸೇರುತ್ತದೆ, ಅಲ್ಲಿಂದ ಪೌರಕಾರ್ಮಿಕರ ಬೆರಳಿಗೆ ಚುಚ್ಚುತ್ತದೆ. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುವುದು ಕೆಲವೇ ಮಿಲಿಗ್ರಾಂ. ಆದರೆ ಕಸ ಒತ್ತುವ ವಾಹನದಲ್ಲಿ ಅದು ಪುಡಿಯಾದಾಗ ಹೊಮ್ಮುವ ಆವಿಯನ್ನು ಉಸಿರಾಡುವವರು ಅದೇ ಕೆಲಸಗಾರರು. ಕೈಗವಸು, ಮುಖಗವಸು, ಪಾದರಕ್ಷೆಯ ವಿಷಯವನ್ನೂ 15ನೇ ನಿಯಮದಲ್ಲೇ ಹೇಳಿರುವುದು ಇದಕ್ಕಾಗಿಯೇ.

ನಿಯಮಗಳು ಒಂದರ ಮೇಲೊಂದು ಬೀಳುವ ಜಾಗಗಳೂ ಇವೆ, ಎರಡನ್ನು ಹೇಳುತ್ತೇನೆ. ಪಾದರಸದ ದೀಪಗಳು ಇ-ತ್ಯಾಜ್ಯ ನಿಯಮಗಳು, 2022ರ ಪಟ್ಟಿಯಲ್ಲೂ ಇವೆ. ಹಾಗಾಗಿ ಮನೆಯ ಟ್ಯೂಬ್‌ಲೈಟ್ ಸಂಗ್ರಹವಾದ ಮೇಲೆ ನೋಂದಾಯಿತ ಮರುಬಳಕೆದಾರರ ಕೈಗೂ ಹೋಗಬಹುದು. ಎರಡನೆಯದು ಸೂಜಿ. ಆಸ್ಪತ್ರೆಯ ಸೂಜಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಿಗೆ ಸೇರುತ್ತದೆ. ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡ ಸೂಜಿಯನ್ನು ಬೇರೆ ಡಬ್ಬಿಯಲ್ಲಿ ಕಸ ಸಂಗ್ರಹಿಸುವವರಿಗೆ ಕೊಡಬೇಕು. ಅದರ ವಿಲೇವಾರಿಗೆ ಸ್ಥಳೀಯ ಸಂಸ್ಥೆ ವೈದ್ಯಕೀಯ ತ್ಯಾಜ್ಯ ಸಂಸ್ಕರಣಾ ಘಟಕದ ಜೊತೆ ಒಪ್ಪಂದ ಮಾಡಿಕೊಂಡಿರಬೇಕು ಎಂದು ಅದೇ ನಿಯಮಗಳು ಹೇಳುತ್ತವೆ.

ಈ ಕೆಲಸ ನಗರದ ಸ್ಥಳೀಯ ಸಂಸ್ಥೆಯದು ಎನ್ನಲು ಸಂವಿಧಾನದ ಆಧಾರ ಬೇಕಾದರೆ 243ಡಬ್ಲ್ಯೂ ವಿಧಿ (ಆ ಸಂಸ್ಥೆಗಳ ಅಧಿಕಾರ) ಮತ್ತು 12ನೇ ಅನುಸೂಚಿಯ 6ನೇ ಅಂಶ (ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆ).

ಡೈಪರ್, ಸ್ಯಾನಿಟರಿ ಪ್ಯಾಡ್‌ಗಳನ್ನು ಈ ಗುಂಪಿಗೆ ಸೇರಿಸಬೇಡಿ. 2016ರ ನಿಯಮದ ಪ್ರಕಾರ ಅವನ್ನು ಸುತ್ತಿ ಒಣ ಕಸದ ಬುಟ್ಟಿಗೆ ಹಾಕಬೇಕಿತ್ತು. ಆ ನಿಯಮಗಳ ಜಾಗಕ್ಕೆ ಬಂದಿರುವ 2026ರ ನಿಯಮಗಳಲ್ಲಿ (ಜಾರಿ ದಿನಾಂಕ 2026ರ ಏಪ್ರಿಲ್ 1) ಹಿಂದಿನ ಮೂರು ವಿಂಗಡಣೆಗಳು (ಹಸಿ, ಒಣ, ಗೃಹ ಅಪಾಯಕಾರಿ) ನಾಲ್ಕಾಗಿವೆ: ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ, ವಿಶೇಷ ಕಾಳಜಿಯ ಕಸ. ಬಣ್ಣದ ಡಬ್ಬ, ಬಲ್ಬು, ಪಾದರಸದ ಥರ್ಮಾಮೀಟರ್, ಔಷಧಗಳು ನಾಲ್ಕನೆಯ ಗುಂಪಿನಲ್ಲಿವೆ. ಅವನ್ನು ಅಧಿಕೃತ ಸಂಸ್ಥೆಗೆ ಕೊಡಬೇಕು ಅಥವಾ ಗೊತ್ತುಪಡಿಸಿದ ಕೇಂದ್ರಕ್ಕೆ ತಲುಪಿಸಬೇಕು. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಉತ್ತರ ಮೂರೋ ನಾಲ್ಕೋ ಎಂಬುದನ್ನು ಪ್ರಶ್ನೆಯ ವರ್ಷ ನೋಡಿ ಬರೆಯಿರಿ.